ಮೂರನೆಯ ಗುಂಡಿಯ ನಂತರ

ಬೆಳಿಗ್ಗೆ ಏಳೂವರೆಗೆ ಮಗಳ ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಒಟ್ಟು ಆರು ಗುಂಡಿ. ಮೂರನೆಯದು ಕಾಜಿಗೆ ಸೇರಿದ್ದು ನೆನಪಿದೆ. ಆಮೇಲೆ ನೋಡಿದರೆ ಆರೂ ಬಿಚ್ಚಿದ್ದವು. ಒಲೆಯ ಮೇಲಿನ ಹಾಲು ಉಕ್ಕಿ, ಕಟ್ಟೆಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಗಡಿಯಾರ ಏಳು ಮೂವತ್ತೈದು ತೋರಿಸುತ್ತಿತ್ತು. ಮಗಳು ನನ್ನ ಮುಂದೆ ಇರಲಿಲ್ಲ. ಬಾಗಿಲ ಹತ್ತಿರ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

“ಮತ್ತೆ ಬಿಚ್ಕೊಂಡ್ಯಾ? ಬಸ್ ಬರೋ ಹೊತ್ತಲ್ಲಿ ಇದೇನೇ ಆಟ ನಿಂದು?”

“ಮೊದಲು ನನ್ನ ಹೆಸರು ಹೇಳು.”

“ಸುಂಡಿಲಿ.”

“ಪೂರ್ತಿ ಹೇಳು.”

“ಚೂಪು ಮೂಗಿನ ಸುಂಡಿಲಿ. ಬಾ ಇಲ್ಲಿ.”

ಆಗ ಬಂದಳು. ಏಳು ವರ್ಷದವಳು. ಮನೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತೇವೆ. ಹೆಸರು ಕೇಳುವ ಈ ಆಟವನ್ನು ಶಾಲೆಯಲ್ಲಿ ಕಲಿತಿರಬೇಕು ಅಂದುಕೊಂಡಿದ್ದೆ. ಆ ತಿಂಗಳಲ್ಲಿ ಗುಂಡಿ ಬಿಚ್ಚಿದ್ದು ಅದು ಮೂರನೆಯ ಸಲ. ಮೂರು ಸಲವೂ ಬೈದಿದ್ದೆ, ಒಮ್ಮೆ ತೋಳು ಚಿವುಟಿಯೂ ಇದ್ದೆ. ‘ನಾನಲ್ಲ’ ಎಂದು ಅವಳು ಒಂದು ಸಲವೂ ಹೇಳಲಿಲ್ಲ.

ಮನೆಯಲ್ಲಿ ಬೇರೆ ವಿಚಿತ್ರಗಳೂ ನಡೆಯುತ್ತಿದ್ದವು. ಒಂದು ಅಂಗಡಿಗೆ ನಾನು ಮನೆಯಲ್ಲೇ ಸಮವಸ್ತ್ರ ಹೊಲಿದುಕೊಡುತ್ತೇನೆ. ಒಂದು ಮಧ್ಯಾಹ್ನ ಹುಡುಕಿ ಹುಡುಕಿ ಸಾಕಾಗಿದ್ದ ಕತ್ತರಿ ಸೋಪಿನ ಡಬ್ಬಿಯಲ್ಲಿ ಸಿಕ್ಕಿತು. ಅಳತೆಯ ಟೇಪು ಅಂದವಾಗಿ ಸುತ್ತಿಕೊಂಡು ಫ್ರಿಜ್ಜಿನೊಳಗೆ ಕೂತಿತ್ತು. ಬಾಗಿಲ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು. ಕೆಲವೊಮ್ಮೆ ಹೊಟ್ಟೆಯೊಳಗಿಂದ ಏನೋ ಮೇಲೇರಿ ಬಂದಂತಾಗಿ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಹೊಲಿಗೆ ಯಂತ್ರದ ಮೋಟರು ಮುಟ್ಟಿ ನೋಡಿದರೆ ತಣ್ಣಗಿರುತ್ತಿತ್ತು.

ಇವರಿಗೆ ಹೇಳಿದೆ. ಇವರದು ಮುದ್ರಣಾಲಯದಲ್ಲಿ ರಾತ್ರಿ ಪಾಳಿ. “ದೆವ್ವ ಇದ್ರೆ ಇರ್ಲಿ ಬಿಡೇ. ಹೆಂಗೂ ಬಾಡಿಗೆ ಕೊಡಲ್ಲ, ಪಾತ್ರೆನಾದ್ರೂ ತೊಳೀಲಿ” ಎಂದು ನಕ್ಕರು. ನಾನೂ ನಕ್ಕೆ. ಅವರು ಸ್ನಾನಕ್ಕೆ ಹೋದ ಮೇಲೆ ಮಂಚದ ಕೆಳಗೆ ಬಗ್ಗಿ ನೋಡಿದೆ.

ಮುಂದಿನ ವಾರ ಒಂದು ಬೆಳಿಗ್ಗೆ ಅವರು ಬೇಗ ಬಂದರು. ಒಳಗೆ ಬಂದವರು ಮೊದಲು ಒಲೆ ಆರಿಸಿದ್ದಾರೆ. ಆಮೇಲೆ ಫೋನು ತೆಗೆದು ಚಿತ್ರೀಕರಿಸಿದ್ದಾರೆ. ನನಗೆ ಅದೊಂದೂ ಗೊತ್ತಿಲ್ಲ. “ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ” ಎಂದು ತೋರಿಸಿದರು.

ಫೋನಿನಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಕೂತಿದ್ದಳು. ನನ್ನದೇ ಸೀರೆ, ನನ್ನದೇ ಮುಖ. ಕಣ್ಣು ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಬಾಯಿ ಏನೂ ಇಲ್ಲದೆ ಅಗಿಯುತ್ತಿತ್ತು. ಬಲಗೈ ಮಗುವಿನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ, ಅವಸರವಿಲ್ಲದೆ ಬಿಚ್ಚುತ್ತಿತ್ತು. ಸುಂಡಿಲಿ ಅಲುಗಾಡದೆ ನಿಂತು ಮೆಲ್ಲಗೆ ಕೇಳುತ್ತಿದ್ದಳು: “ನನ್ನ ಹೆಸರು ಹೇಳು. ನನ್ನ ಹೆಸರು ಹೇಳು.”

ಆ ಹೆಂಗಸು ಹೇಳಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಆ ಚಿತ್ರವನ್ನು ಎರಡು ಸಲ ನೋಡಿದರು. ನನ್ನ ತಲೆಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಕಿವಿಯ ಮೇಲ್ಭಾಗದಲ್ಲಿ, ಮಿದುಳಿನ ಒಂದು ಮೂಲೆಯಲ್ಲಿ ಹಳೆಯ ಗಾಯದಂಥ ಸಣ್ಣ ಕಲೆ ಇತ್ತು.

“ಇದು ಫಿಟ್ಸ್, ಅಮ್ಮ.”

“ನಾನು ಯಾವತ್ತೂ ಬಿದ್ದಿಲ್ಲವಲ್ಲ, ಡಾಕ್ಟ್ರೇ.”

“ಬಿದ್ದು ಕೈಕಾಲು ಸೆಟೆದು ಒದ್ದಾಡೋದು ಒಂದು ಬಗೆ. ಕೆಲವು ಮಕ್ಕಳು ಪಾಠದ ಮಧ್ಯೆ ಹತ್ತು ಸೆಕೆಂಡು ಸುಮ್ನೆ ನೋಡ್ತಾ ನಿಂತುಬಿಡ್ತಾರೆ, ಅದೂ ಫಿಟ್ಸೇ. ನಿಮ್ಮದು ಒಂದೇ ಮೂಲೆಯಲ್ಲಿ ಶುರುವಾಗುತ್ತೆ. ಆ ರಬ್ಬರ್ ವಾಸನೆನೇ ಅದರ ಶುರು.”

“ಹಾಗಾದ್ರೆ ಗುಂಡಿ ಬಿಚ್ಚೋದು ಯಾರು?”

“ನಿಮ್ಮ ಕೈ. ಯಜಮಾನಿ ಇಲ್ಲದ ಮನೇಲಿ ಫ್ಯಾನ್ ತಿರುಗ್ತಾ ಇರುತ್ತಲ್ಲ, ಹಾಗೆ. ಆ ಎರಡು ನಿಮಿಷ ನಿಮಗೆ ಏನೂ ತಿಳಿಯಲ್ಲ, ನೆನಪಲ್ಲೂ ಉಳಿಯಲ್ಲ.”

ಮಾತ್ರೆ ಕಲೆಯನ್ನು ಅಳಿಸುವುದಿಲ್ಲವಂತೆ. ಆ ಮೂಲೆಯ ನರಕೋಶಗಳು ಒಂದನ್ನು ನೋಡಿ ಒಂದು ಸಿಡಿಯುವುದನ್ನು ತಡೆಯುತ್ತದಂತೆ. ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸಬೇಕು. ಒಂದು ಹೊತ್ತೂ ತಪ್ಪಿಸಬಾರದು. ಚೆನ್ನಾಗಿದ್ದೇನೆಂದು ನಾನೇ ನಿಲ್ಲಿಸಿಬಿಟ್ಟರೆ ದೊಡ್ಡದಾಗಿಯೇ ಬರಬಹುದು. ಬಹಳ ಜನರಿಗೆ ಮಾತ್ರೆಯಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಬೇರೆ ಮಾತ್ರೆ, ಕೆಲವರಿಗೆ ಶಸ್ತ್ರಚಿಕಿತ್ಸೆ.

ಆಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಸುಂಡಿಲಿಯ ಎದುರು ಕೂತರು.

“ಅಮ್ಮನಿಗೆ ಹಾಗಾದಾಗ ಬಾಯಿಗೆ ಏನೂ ಹಾಕ್ಬೇಡ. ಹಿಡಿದು ಎಳೀಬೇಡ. ಒಲೆ ಕಡೆ ಹೋದ್ರೆ ಮೆಲ್ಲಗೆ ಈ ಕಡೆ ತಿರುಗಿಸು. ಗಡಿಯಾರ ನೋಡು. ಉದ್ದ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋದ್ರೂ ನಿಲ್ಲದಿದ್ರೆ, ಇಲ್ಲಾ ಅಮ್ಮ ಬಿದ್ರೆ, ಪಕ್ಕದ ಮನೆಯವರನ್ನ ಕರಿ. ಆಂಬುಲೆನ್ಸ್ ಕರೆಸ್ತಾರೆ.”

“ಅವಳು ಮಾತಾಡಿಸಿದ್ರೆ ಮಾತಾಡಲ್ಲ.”

“ಅವಳು ಅಲ್ಲ ಕಣೇ, ಅಮ್ಮ” ಎಂದರು ಇವರು.

ಸುಂಡಿಲಿ ಅಪ್ಪನ ಮುಖ ನೋಡಿದಳು. ಅವರಿಗೆ ತಿಳಿಯದ್ದು ತನಗೆ ತಿಳಿದಿದೆ ಎನ್ನುವಂತೆ ನೋಡಿದಳು.

ಮೊದಲ ಎರಡು ವಾರ ಮಾತ್ರೆಯಿಂದ ತಲೆ ಸುತ್ತುತ್ತಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅದಕ್ಕೆ ನಾನು ಹೆದರಲಿಲ್ಲ. ಹೆದರಿಕೆ ಇದ್ದದ್ದು ಬೇರೆಯದಕ್ಕೆ. ಸುಂಡಿಲಿ ನನ್ನ ಮಡಿಲಿಗೆ ಬರುವುದನ್ನು ಬಿಟ್ಟಿದ್ದಳು. ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದಳು, ಅಂಗಿಯ ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ತಲೆ ಬಾಚಲು ಅಪ್ಪನೇ ಬೇಕು. ನಾನು ಬಲವಂತ ಮಾಡಲಿಲ್ಲ. ಚಿವುಟಿದ ತೋಳನ್ನು ನೋಡುತ್ತಾ “ಅವತ್ತು ತಪ್ಪು ನಂದು, ಪುಟ್ಟಾ” ಎಂದೆ. “ಗೊತ್ತು” ಎಂದು ಆಡಲು ಹೋದಳು.

ಒಂದು ದಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಗುರುತು ಕಂಡವು. ಒಂದು ಮಂಗಳವಾರದ ಮೇಲೆ ಎರಡು, ಒಂದು ಶನಿವಾರದ ಮೇಲೆ ಎರಡು, ಮತ್ತೊಂದು ಮಂಗಳವಾರದ ಮೇಲೆ ಒಂದು. ಡೊಂಕು ಅಂಕಿಗಳು, ಸುಂಡಿಲಿ ಗಡಿಯಾರ ನೋಡಿ ಬರೆದವು. ಆ ದಿನಗಳಲ್ಲಿ ನನಗೆ ಏನೂ ಆಗಿರಲಿಲ್ಲ ಎಂದೇ ನಾನು ಡಾಕ್ಟರಮ್ಮನಿಗೆ ಹೇಳಿ ಬಂದಿದ್ದೆ. ನನ್ನ ಮನೆಯಲ್ಲೇ, ನನ್ನ ಕೈಯಲ್ಲೇ ಕಳೆದುಹೋದ ಐದು ನಿಮಿಷ ಅಲ್ಲಿ ಬರೆದಿಟ್ಟಿತ್ತು. ಕ್ಯಾಲೆಂಡರನ್ನೇ ಬಿಚ್ಚಿಕೊಂಡು ಹೋಗಿ ತೋರಿಸಿದೆ. ಮಾತ್ರೆಯ ಪ್ರಮಾಣ ಏರಿಸಿದರು. ಅಲ್ಲಿಂದ ಒಂದೂವರೆ ತಿಂಗಳು ಪುಟ ಖಾಲಿಯಾಗಿತ್ತು.

ನಿನ್ನೆ ಸಂಜೆ ಒಣಗಿದ ಬಟ್ಟೆ ಮಡಚುತ್ತಿದ್ದೆ. ದೊಡ್ಡ ಹೊದಿಕೆ ಒಬ್ಬಳ ಕೈಗೆ ಬಗ್ಗುವಂಥದ್ದಲ್ಲ. ಕರೆಯದೇ ಬಂದು ಸುಂಡಿಲಿ ಆ ಕಡೆಯ ಎರಡು ಮೂಲೆ ಹಿಡಿದಳು. ನಮ್ಮ ನಡುವೆ ಕೋಣೆಯ ಉದ್ದವಿತ್ತು. ಕೊಡವಿದೆವು. ಮೊದಲ ಮಡಿಕೆಗೆ ಅವಳು ನನ್ನ ಕಡೆ ನಡೆದು ಬಂದು, ಮೂಲೆಗಳನ್ನು ನನ್ನ ಕೈಗಿಟ್ಟು, ಕೆಳಗಿನ ಅಂಚು ಹಿಡಿದು ಹಿಂದೆ ಸರಿದಳು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಬಂದವಳು ಹಿಂದೆ ಸರಿಯಲಿಲ್ಲ. ಬಟ್ಟೆಯನ್ನೂ ಬಿಡಲಿಲ್ಲ. ಅವಳ ಬೆರಳು ನನ್ನ ಬೆರಳಿಗೆ ತಾಗುತ್ತಿದ್ದವು. ಕತ್ತೆತ್ತಿ ನನ್ನ ಕಣ್ಣುಗಳನ್ನು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ಕಿಟಕಿಯಲ್ಲಿ ಇಣುಕುವ ಹಾಗೆ ನೋಡಿದಳು.

“ಅಮ್ಮ, ಅವಳು ಬಂದಾಗ ನೀನು ಒಳಗಿಂದ ನನ್ನನ್ನ ನೋಡ್ತಾ ಇರ್ತೀಯಾ?”