ಅನಸೂಯಮ್ಮನ ಚೀಲ

ಪೆಟ್ರೋಲ್ ಕದಿಯುತ್ತಿರುವವನು ನಲ್ಲಪ್ಪನೇ ಎಂದು ವೆಂಕಟೇಶಮೂರ್ತಿಗಳು ತೀರ್ಮಾನಿಸಿಬಿಟ್ಟಿದ್ದರು. ಅವರ ಹಳೆಯ ಫಿಯಟ್ ಕಾರು ಇಷ್ಟು ವರ್ಷ ಓಡಿದ್ದೇ ಚಿಂತಾಮಣಿಯ ಆ ಮೆಕ್ಯಾನಿಕ್‌ನ ಕೈಗುಣದಿಂದ. ಆದರೆ ಹೆಂಡತಿ ಅನಸೂಯಮ್ಮ ತೀರಿಕೊಂಡ ಮೇಲೆ ಅದರ ಮೈಲೇಜು ಅರ್ಧಕ್ಕಿಳಿದಿತ್ತು. ಕೇಳಿದರೆ ನಲ್ಲಪ್ಪ, “ನನ್ ಕೈಲಿ ಚೆನ್ನಾಗೇ ಓಡ್ತದಲ್ಲ ಸಾರ್” ಎನ್ನುತ್ತಿದ್ದ. ಕದ್ದವನು ಇನ್ನೇನು ಹೇಳಿಯಾನು?

ನಿನ್ನೆ ತಮ್ಮೂರು ಶಿಡ್ಲಘಟ್ಟದಲ್ಲಿ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದ್ದಾಯಿತು. ಇವತ್ತು ಅವನ ಸಹವಾಸವನ್ನೇ ಕಡಿದುಕೊಂಡು ಬರುವುದೆಂದು ಹೊರಟರು. ತಂಗಿ ಗೋದಮ್ಮ ತಾನೂ ಬರುತ್ತೇನೆಂದು ಮುಂದಿನ ಸೀಟಿನಲ್ಲಿ ಕೂತಳು. ಅನಸೂಯಮ್ಮ ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ.

“ಇಪ್ಪತ್ತು ವರ್ಷದಿಂದ ಇಲ್ಲದ ಕಳ್ಳತನ ಈಗ್ಯಾಕೆ ಮಾಡ್ತಾನೋ ಅಣ್ಣ?”

“ಆಗ ಅವಳಿದ್ಲು. ಹೆದರ್ತಿದ್ದ. ಈಗ ಮುದುಕ ಒಬ್ನೇ ಅಲ್ವೆ?”

ಊರು ದಾಟಿದ ಮೇಲೆ ರಸ್ತೆ ಹದಗೆಟ್ಟಿತು. ಡ್ಯಾಶ್‌ಬೋರ್ಡಿನ ಗುಂಡಿಗೆ ನೇತುಹಾಕಿದ್ದ ಚೀಲ ಗೋದಮ್ಮನ ಮೊಣಕಾಲಿಗೆ ಬಡಿಯತೊಡಗಿತು. ಅನಸೂಯಮ್ಮನ ದೇವಸ್ಥಾನದ ಚೀಲ ಅದು: ಹಿತ್ತಾಳೆ ಹಣತೆ, ಎಣ್ಣೆಯ ಸೀಸೆ, ಕುಂಕುಮದ ಭರಣಿ. ಬದುಕಿರುವವರೆಗೆ ಅದನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬರಿದಾದ ಸೀಟಿನ ಮೇಲಿಡಲು ಮನಸ್ಸಾಗದೆ ಮೂರ್ತಿಗಳು ಗುಂಡಿಗೆ ನೇತುಹಾಕಿದ್ದರು. ಎಣ್ಣೆ, ಮಸಿಯ ಗ್ಯಾರೇಜಿನಲ್ಲಿ ಮಾತ್ರ ಅದನ್ನು ಕಾರಿನಲ್ಲಿ ಬಿಡುತ್ತಿರಲಿಲ್ಲ. ಕೈಯಲ್ಲೇ ಹಿಡಿದು ಇಳಿಯುತ್ತಿದ್ದರು.

“ಏನೋ ಇದು, ಮಂಡಿ ಒಡೆದುಹೋಯ್ತು,” ಎಂದು ಗೋದಮ್ಮ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು.

ಗುಂಡಿ ಸರಕ್ಕನೆ ಒಳಗೆ ಹೋಯಿತು. ಕೆಮ್ಮುತ್ತಿದ್ದ ಎಂಜಿನ್ ಗಂಟಲು ತಿಳಿಯಾದಂತೆ ಹಗುರಾಗಿ ಓಡತೊಡಗಿತು. ಕನ್ನಡಿಯಲ್ಲಿ ಸದಾ ಕಾಣುತ್ತಿದ್ದ ಕಪ್ಪು ಹೊಗೆ ತೆಳುವಾಗಿ ಮರೆಯಾಯಿತು.

ಮೂರ್ತಿಗಳು ಕಾರು ನಿಲ್ಲಿಸಿ ಗುಂಡಿಯನ್ನೇ ನೋಡಿದರು. ಅದು ಚೋಕ್. ಬೆಳಗಿನ ಚಳಿಗೆ ಎಂಜಿನ್ ಹತ್ತಿಸಲು ಎಳೆದು, ಹತ್ತಿದ ಮೇಲೆ ಒತ್ತಿಬಿಡಬೇಕು. ಚೀಲದ ಭಾರಕ್ಕೆ ಹೀಗೆ ಎಳೆದೇ ಇದ್ದರೆ ಕಾರು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ.

“ರಾಮ ರಾಮಾ,” ಎಂದರು. ಕಾರನ್ನು ಮತ್ತೆ ಹೊರಡಿಸಿದರು.

ಗ್ಯಾರೇಜಿನಲ್ಲಿ ನಲ್ಲಪ್ಪ ನಗುತ್ತ ಬಂದವನು ಕಾರಿನ ಹಿಂದೆ ಹೋಗಿ ನಿಂತ. “ಓಹೋ, ಟ್ಯಾಂಕಿಗೆ ಬೀಗ! ಶಿಡ್ಲಘಟ್ಟದಲ್ಲಿ ಕಳ್ರು ಜಾಸ್ತಿಯಾದ್ರಾ ಸಾರ್?”

ಹೂಂ ಎಂದುಬಿಟ್ಟರೆ ಸಾಕಿತ್ತು.

“ಇಲ್ಲ ಕಣಪ್ಪ. ನೀನೇ ಅಂದ್ಕೊಂಡಿದ್ದೆ.”

ನಲ್ಲಪ್ಪನ ನಗು ನಿಂತಿತು. “ಅಮ್ಮಾವ್ರು ಇದ್ದಿದ್ರೆ ಹಂಗನ್ನಕ್ಕೆ ಬಿಡ್ತಿರ್ಲಿಲ್ಲ,” ಎಂದ.

“ಬಿಡ್ತಿರ್ಲಿಲ್ಲ.” ಮೂರ್ತಿಗಳು ಗೋದಮ್ಮನಿಂದ ಚೀಲ ತೆಗೆದುಕೊಂಡು ಅವನತ್ತ ಚಾಚಿದರು. “ಇದನ್ನ ಸ್ವಲ್ಪ ಹಿಡ್ಕೊ. ಬೀಗ ನಾನೇ ತೆಗೀತೀನಿ.”

ನಲ್ಲಪ್ಪ ತಕ್ಷಣ ಕೈ ಚಾಚಲಿಲ್ಲ. ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ಉಜ್ಜಿ ಉಜ್ಜಿ ತೊಳೆದ. ಅಷ್ಟು ಹೊತ್ತೂ ಮೂರ್ತಿಗಳು ಚೀಲ ಚಾಚಿಕೊಂಡೇ ನಿಂತಿದ್ದರು.