ಮೊಕ್ಸೇದನ ಗಾಡಿ

ನಾನು ಮೂರು ಚಕ್ರದ ಒಂದು ಸೈಕಲ್ ಗಾಡಿ. ಮುಂದೆ ಎರಡು ಚಕ್ರ, ಅವುಗಳ ಮೇಲೆ ಮರದ ಹಲಗೆ, ಹಿಂದೆ ಒಂದು ಚಕ್ರ ಮತ್ತು ಸೀಟು. ಬೆಂಗಳೂರಿನ ಕಲಾಸಿಪಾಳ್ಯದ ಹಿಂದಿನ ಓಣಿಯೊಂದರಲ್ಲಿ ವೆಲ್ಡಿಂಗ್ ಮಾಡುವ ಅಣ್ಣತಮ್ಮಂದಿರಿಬ್ಬರು ನನ್ನನ್ನು ಎರಡು ದಿನದಲ್ಲಿ ಮಾಡಿ ಮುಗಿಸಿದರು. ನನ್ನ ಚೌಕಟ್ಟು ಹಳೆಯ ಗೇಟೊಂದರದ್ದು, ಹಲಗೆ ಯಾವುದೋ ಯಂತ್ರ ಬಂದಿದ್ದ ಪೆಟ್ಟಿಗೆಯದ್ದು. ಯಾವ ಭಾಗ ಎಲ್ಲಿಂದ ಬಂತೆಂದು ಯಾರೂ ನನ್ನನ್ನು ಕೇಳಿದ್ದಿಲ್ಲ. ಹಸಿರು ಬಣ್ಣ ಬಳಿದ ಮೇಲೆ ನಾನು ಗಾಡಿಯಾದೆ, ಅಷ್ಟೇ.

ಮೊದಲ ನಾಲ್ಕು ವರ್ಷ ಕೆಂಚಪ್ಪ ಎಂಬವನ ಬಳಿ ಇದ್ದೆ. ಅವನು ಮನೆಮನೆಗೆ ನೀರಿನ ಕ್ಯಾನ್ ಹಾಕುತ್ತಿದ್ದ. ಟೆಂಪೊ ಕೊಂಡಮೇಲೆ ನನ್ನನ್ನು ಗುಜರಿ ವ್ಯಾಪಾರಿ ಮುನಿರಾಜುವಿಗೆ ಮಾರಿದ. ಮುನಿರಾಜು ನನ್ನನ್ನು ಊರಾಚೆಯ ಚಿಕ್ಕತಿಮ್ಮನಪಾಳ್ಯಕ್ಕೆ ತಂದ. ಅಲ್ಲಿ ಅವನದೊಂದು ಖಾಲಿ ಜಾಗವಿತ್ತು. ಅದರ ತುಂಬ ತಗಡು, ಟಾರ್ಪಾಲು, ಹಳೆಯ ಫ್ಲೆಕ್ಸ್ ಬ್ಯಾನರುಗಳಿಂದ ಕಟ್ಟಿದ ಶೆಡ್ಡುಗಳು. ಶೆಡ್ಡುಗಳಲ್ಲಿ ಬಂಗಾಳಿ ಮಾತಾಡುವವರು ಬಾಡಿಗೆಗೆ ಇದ್ದರು. ಅಪಾರ್ಟ್‌ಮೆಂಟುಗಳಿಂದ ಒಣಕಸ ತಂದು, ಬಾಟಲಿ, ರಟ್ಟು, ಪ್ಲಾಸ್ಟಿಕ್ಕು ಎಂದು ಬೇರೆ ಮಾಡುವುದು ಅವರ ಕೆಲಸ. ಮುನಿರಾಜು ನನ್ನನ್ನು ಅವರಲ್ಲಿ ಮೊಕ್ಸೇದ್ ಎಂಬವನಿಗೆ ಕೊಟ್ಟ.

ಮೊಕ್ಸೇದ್ ಸಣಕಲು ಮನುಷ್ಯ. ಪೆಡಲ್ ತುಳಿಯುವಾಗ ಮಾತಾಡುತ್ತಿರಲಿಲ್ಲ. ಅವನ ಹೆಂಡತಿ ಅಂಜುಆರಾ ಕಸ ಬೇರೆ ಮಾಡುತ್ತಿದ್ದಳು. ಯಾರು ಊರು ಕೇಳಿದರೂ ಇಬ್ಬರೂ ‘ಮುರ್ಷಿದಾಬಾದ್’ ಎನ್ನುತ್ತಿದ್ದರು. ಅದು ಗಡಿಯ ಈಚೆಯ, ಭಾರತದ ಬಂಗಾಳದ ಜಿಲ್ಲೆ. ಒಬ್ಬ ದಲ್ಲಾಳಿ ಮಾಡಿಸಿಕೊಟ್ಟ ಗುರುತಿನ ಕಾರ್ಡಿನಲ್ಲೂ ಹಾಗೇ ಇತ್ತು. ಅವರ ಮಗಳು ಝರ್ನಾ ಹುಟ್ಟಿದ್ದು ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ. ಹಸುಗೂಸನ್ನು ರಟ್ಟಿನ ಮೇಲೆ ಮಲಗಿಸಿ ಶೆಡ್ಡಿಗೆ ತಂದದ್ದು ನಾನೇ. ಹತ್ತು ವರ್ಷ ತುಂಬುವ ಹೊತ್ತಿಗೆ ಅವಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದಳು. ಅಪ್ಪ ಅಮ್ಮನಿಗೆ ಬಂದ ಕನ್ನಡ ಅಷ್ಟಕ್ಕಷ್ಟೆ. ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲ ಕಡೆಯೂ ಅವಳೇ ಮಾತು ದಾಟಿಸುತ್ತಿದ್ದಳು.

ನಾವು ಒಣಕಸ ತಂದು ಇಳಿಸುತ್ತಿದ್ದ ಕೇಂದ್ರದಲ್ಲಿ ಪೌರಕಾರ್ಮಿಕಳಾಗಿ ಓಬಳಮ್ಮ ಇದ್ದಳು. ಪಾವಗಡದ ಕಡೆಯವಳು, ಮೂವತ್ತು ವರ್ಷದಿಂದ ಬೆಂಗಳೂರಿನ ಬೀದಿ ಗುಡಿಸುವವಳು. ಅವಳಿಗೆ ಓದಲು ಬಾರದು. ಅವಳ ಫೋನಿಗೆ ಬಂದ ಮೆಸೇಜುಗಳನ್ನು ಝರ್ನಾ ನನ್ನ ಹಲಗೆಯ ಮೇಲೆ ಕೂತು ಓದಿ ಹೇಳುತ್ತಿದ್ದಳು. ಆ ನಂಬರು ಹುಡುಗಿಗೆ ಬಾಯಿಪಾಠವಾಗಿತ್ತು.

ಹಾಗೆಂದು ಓಬಳಮ್ಮ ಅವರ ಪರ ಇರಲಿಲ್ಲ. ಆ ವರ್ಷ, ದಾಖಲೆ ಇಲ್ಲದ ಪರದೇಶದವರನ್ನು ಹುಡುಕಿ ವಾಪಸು ಕಳಿಸುತ್ತಾರೆಂಬ ಸುದ್ದಿ ದಿನವೂ ಬರುತ್ತಿತ್ತು. ಕೇಂದ್ರದ ಮುಂದೆ ಅದೇ ಮಾತು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರು, ದೇಶವೆಂದಮೇಲೆ ಬಾಗಿಲು ಇರಬೇಕು, ಕಾನೂನು ಜಾರಿಯಾಗಲೇಬೇಕು, ಆದರೆ ಹೊಡೆಯುವುದು ಬಡಿಯುವುದು ಕೂಡದು ಎಂದರು. ಮುನಿರಾಜು, ಹತ್ತು ಹನ್ನೊಂದು ವರ್ಷ ನಮ್ಮ ಕಸ ಎತ್ತಿದವರನ್ನು ಈಗ ಕಳ್ಳರೆಂದರೆ ಹೇಗೆ, ಈ ಕೆಲಸಕ್ಕೆ ಇನ್ಯಾರು ಬರುತ್ತಾರೆ ಎಂದ. ಆಗ ಓಬಳಮ್ಮ ಪೊರಕೆ ಗೋಡೆಗೆ ಒರಗಿಸಿದಳು.

“ನಮ್ ಎಂಕಟೇಸ ಬಂದು ಕೆಲ್ಸ ಕೇಳ್ದಾಗ ಜಾಗ ಇಲ್ಲ ಅಂದ್ರಿ. ಇವ್ರಾದ್ರೆ ಕೊಟ್ಟಷ್ಟು ಇಸ್ಕೊಂಡು ತೆಪ್ಪಗಿರ್ತಾರೆ, ಅದಕ್ಕೇ ಇವ್ರು ಬೇಕು. ನಮ್ ಗುಡ್ಸಲು ಕಿತ್ತಾಕ್ದಾಗ ಕಾನೂನು ಅಂದ್ರು. ನಮ್ಗೊಂದು, ಇವ್ರಿಗೊಂದಾ?”

ವೆಂಕಟೇಶ ಅವಳ ಮಗ, ಇಪ್ಪತ್ತೆಂಟು ವರ್ಷದವನು. ಅವನನ್ನು ಮುನಿರಾಜು ಮೂರು ಸಲ ವಾಪಸು ಕಳಿಸಿದ್ದು ನಿಜ. ಮೊಕ್ಸೇದ್ ಪಕ್ಕದಲ್ಲೇ ನನ್ನ ಮೇಲಿನ ಚೀಲ ಇಳಿಸುತ್ತಿದ್ದ. ಅವನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಚೀಲಗಳನ್ನೆಲ್ಲ ಇಳಿಸಿ ಹೋದ.

ಅದಾಗಿ ಎರಡು ವಾರಕ್ಕೆ, ಒಂದು ಬೆಳಿಗ್ಗೆ ಎಂಟು ಗಂಟೆಗೆ ಪೊಲೀಸರು ಬಂದರು. ಶೆಡ್ಡುಗಳಿಗೆ ದಾರಿ ಯಾವುದೆಂದು ರಸ್ತೆ ಗುಡಿಸುತ್ತಿದ್ದ ಓಬಳಮ್ಮನನ್ನು ಕೇಳಿದರು. ಅವಳು ಕೈ ತೋರಿಸಿದಳು. ಎಷ್ಟೋ ಶೆಡ್ಡುಗಳು ಆಗಲೇ ಖಾಲಿಯಾಗಿದ್ದವು. ಮೊಕ್ಸೇದ್ ಹೋಗಿರಲಿಲ್ಲ. ಮಗಳ ಪರೀಕ್ಷೆ ನಡೆಯುತ್ತಿತ್ತು, ಇನ್ನೆರಡು ಉಳಿದಿದ್ದವು.

ಹೆಡ್ ಕಾನ್‌ಸ್ಟೇಬಲ್ ಶಿವಲಿಂಗಯ್ಯ ವಯಸ್ಸಾದವರು, ದನಿ ಎತ್ತುವವರಲ್ಲ. ಶೆಡ್ಡಿನೊಳಗೆ ಕೂರಲು ಜಾಗವಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ನನ್ನ ಹಲಗೆಯ ಮೇಲೆ ಕಾಗದ ಹರಡಿದರು. ಎದುರಿಗೆ ಮೂವರೂ ನಿಂತರು. ಝರ್ನಾ ಯೂನಿಫಾರಮ್ಮಿನಲ್ಲಿದ್ದಳು.

ಊರು ಯಾವುದೆಂದು ಕೇಳಿದರು. ಝರ್ನಾ ಅಪ್ಪನನ್ನು ಕೇಳದೆಯೇ ಮುರ್ಷಿದಾಬಾದ್ ಎಂದಳು. ಆ ಕಾರ್ಡಿನ ವಿಳಾಸದಲ್ಲಿ ವಿಚಾರಿಸಿ ಆಗಿದೆ, ಅಲ್ಲಿ ಇವರ ಹೆಸರು ಕೇಳಿದವರೇ ಇಲ್ಲ ಎಂದರು ಶಿವಲಿಂಗಯ್ಯ. ಆಮೇಲೆ ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು.

“ನೋಡಮ್ಮ, ಅಪ್ಪಂಗೆ ಸರಿಯಾಗಿ ಹೇಳು. ಊರು ಹೇಳ್ಲಿಲ್ಲ ಅಂದ್ರೆ ನಿಮ್ಮನ್ನ ಬೇರೆ ಬೇರೆ ಇಡ್ತಾರೆ. ಅವ್ರನ್ನ ಒಂದ್ ಕಡೆ, ನಿನ್ನೂ ಅಮ್ಮನ್ನೂ ಇನ್ನೊಂದ್ ಕಡೆ. ಊರು ಗೊತ್ತಾಗೋ ತನಕ. ವರ್ಷ ಆಗ್ಬೋದು, ಎರಡು ವರ್ಷ ಆಗ್ಬೋದು. ನಿಜ ಹೇಳಿದ್ರೆ ಮೂರು ಜನಾನೂ ಒಟ್ಟಿಗೆ ಕಳಿಸ್ತಾರೆ. ಅದೊಂದು ನಾನು ಬರೆದು ಕಳಿಸ್ಬೋದು.”

ಝರ್ನಾ ಅದನ್ನು ಬಂಗಾಳಿಯಲ್ಲಿ ಹೇಳಿದಳು. ಪೂರ್ತಿ ಹೇಳಿದಳು. ಅಂಜುಆರಾ ಗಂಡನ ಮುಖ ನೋಡಿದಳು. ಮೊಕ್ಸೇದ್ ನನ್ನ ಹ್ಯಾಂಡಲ್ ಹಿಡಿದುಕೊಂಡ. ಮಗಳಿಗೆ ಎರಡು ಮಾತು ಹೇಳಿದ. ಝರ್ನಾ ಅದನ್ನು ಕನ್ನಡಕ್ಕೆ ದಾಟಿಸಲಿಲ್ಲ.

“ಏನಂದ್ರಮ್ಮ?”

“ಗೊತ್ತಿಲ್ಲ ಅಂತಾರೆ ಸಾರ್.”

ಹನ್ನೊಂದು ವರ್ಷದಲ್ಲಿ ಮೊಕ್ಸೇದ್ ಅಷ್ಟು ಕನ್ನಡ ಕಲಿತಿದ್ದ. ಮಗಳ ಹೆಗಲ ಮೇಲೆ ಕೈ ಇಟ್ಟ.

“ಗೊತ್ತು ಸಾರ್. ಬರ್ಕೊಳ್ಳಿ. ಸಾತಖೀರಾ.”

ಅದು ಗಡಿಯ ಆಚೆಯ ಜಿಲ್ಲೆ. ಶಿವಲಿಂಗಯ್ಯ ಅಕ್ಷರ ಕೇಳಿ ಕೇಳಿ ಬರೆದುಕೊಂಡರು. ಹುಡುಗಿ ಹುಟ್ಟಿದ್ದೆಲ್ಲಿ ಎಂದರು. ಇಲ್ಲೇ ಎಂದಳು, ಆಸ್ಪತ್ರೆಯ ಹೆಸರನ್ನೂ ಹೇಳಿದಳು. ಅದನ್ನೂ ಬರೆದರು. ಬರೆದು, ಅದರಿಂದ ಬದಲಾಗುವುದೇನೂ ಇಲ್ಲವೆಂದು ಅವರೇ ಹೇಳಿದರು. ಯಾರೂ ಅಳಲಿಲ್ಲ. ಬೇರೆ ಯಾರದೋ ವಿಷಯ ಮಾತಾಡಿದಂತಿತ್ತು. ನನಗೂ ಹಾಗೇ ಅನ್ನಿಸಿತು, ಅಥವಾ ಏನೂ ಅನ್ನಿಸಲಿಲ್ಲ.

ವ್ಯಾನ್ ಹತ್ತುವ ಮುಂಚೆ ಝರ್ನಾ ಶಾಲೆಯ ಲೈಬ್ರರಿ ಪುಸ್ತಕವೊಂದನ್ನು ತಂದು ಓಬಳಮ್ಮನ ಕೈಗೆ ಕೊಟ್ಟಳು. ಟೀಚರಿಗೆ ಶುಕ್ರವಾರದೊಳಗೆ ತಲುಪಿಸಬೇಕು ಎಂದಳು. ಓಬಳಮ್ಮ ಆಯಿತು ಎಂದಳು. ವ್ಯಾನ್ ಹೋಯಿತು. ಅವಳು ಉಳಿದರ್ಧ ರಸ್ತೆ ಗುಡಿಸಿ ಮುಗಿಸಿ, ಪುಸ್ತಕ ಹಿಡಿದು ಶಾಲೆಯ ಕಡೆ ನಡೆದಳು.

ಮೂವರನ್ನೂ ಒಟ್ಟಿಗೇ ರೈಲಿನಲ್ಲಿ ಗಡಿಗೆ ಕರೆದೊಯ್ದರೆಂದು ಆಮೇಲೆ ಮುನಿರಾಜು ಯಾರಿಗೋ ಹೇಳುವಾಗ ಕೇಳಿದೆ. ಶಿವಲಿಂಗಯ್ಯ ಹೇಳಿದಂತೆ ಬರೆದಿದ್ದರು.

ಇಪ್ಪತ್ತು ದಿನ ನಾನು ಖಾಲಿ ಶೆಡ್ಡಿನ ಮುಂದೆ ನಿಂತಿದ್ದೆ. ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡ್ಡೆ ಬಿತ್ತು. ಮುನಿರಾಜು ವೆಂಕಟೇಶನನ್ನು ತಾನೇ ಹೋಗಿ ಕರೆದ. ಮೊಕ್ಸೇದನಿಗೆ ಕೊಡುತ್ತಿದ್ದುದಕ್ಕಿಂತ ಹೆಚ್ಚಿಗೆ ಕೊಡಲು ಒಪ್ಪಿದ. ವೆಂಕಟೇಶ ಒಳ್ಳೆಯ ಕೆಲಸಗಾರ. ನನ್ನ ಚೈನಿಗೆ ಎಣ್ಣೆ ಬಿಟ್ಟ, ಸೀಟು ಎತ್ತರಿಸಿದ, ಹೊತ್ತಿಗೆ ಸರಿಯಾಗಿ ಹೋದ. ಆ ವರ್ಷವೇ ಅವನ ಮದುವೆಯೂ ಆಯಿತು. ಓಬಳಮ್ಮ ಹೇಳಿದ್ದು ಸರಿಯಿತ್ತು. ಕೆಲಸ ಅವಳ ಮಗನಿಗೆ ಸಿಗಬಹುದಿತ್ತು, ಸಿಕ್ಕಿತು. ಆದರೆ ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಬೇರೆಯವರು ಎತ್ತಿದರೆ ಪೊರಕೆ ತೆಗೆದುಕೊಂಡು ಹೋಗಿಬಿಡುತ್ತಿದ್ದಳು. ಮೆಸೇಜುಗಳನ್ನು ಯಾರಿಂದಲೂ ಓದಿಸಲಿಲ್ಲ.

ಏಳೆಂಟು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ವೆಂಕಟೇಶ ಆಗತಾನೆ ನನ್ನನ್ನು ನಿಲ್ಲಿಸಿ ಕೈಕಾಲು ತೊಳೆಯಲು ಹೋಗಿದ್ದ. ಓಬಳಮ್ಮ ನನ್ನ ಹಲಗೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಫೋನ್ ಬಂತು. ಅವಳಿಗೆ ಕಿವಿ ಮಂದ, ಸ್ಪೀಕರಿಗೆ ಹಾಕಿಕೊಳ್ಳುತ್ತಿದ್ದಳು. ಝರ್ನಾಳ ದನಿ.

ಊಟ ಆಯಿತಾ ಎಂದು ಓಬಳಮ್ಮ ಕೇಳಿದಳು. ಆಯಿತು ಎಂದಳು ಹುಡುಗಿ. ಅಪ್ಪ ಇಟ್ಟಿಗೆ ಭಟ್ಟಿಯಲ್ಲಿದ್ದಾನೆ, ಅಮ್ಮ ಅಜ್ಜಿಯ ಮನೆಯಲ್ಲಿದ್ದಾಳೆ. ತನ್ನನ್ನು ಮೂರನೇ ಕ್ಲಾಸಿಗೆ ಕೂರಿಸಿದ್ದಾರೆ, ಬಂಗಾಳಿ ಅಕ್ಷರ ಬರುವುದಿಲ್ಲವಲ್ಲ, ಅದಕ್ಕೆ. ಕ್ಲಾಸಿನವರು ತನ್ನನ್ನು ಇಂಡಿಯಾದವಳು ಎಂದು ಕರೆಯುತ್ತಾರೆ. ಇಷ್ಟನ್ನೂ ಪಾಠ ಒಪ್ಪಿಸಿದಂತೆ ಹೇಳಿದಳು. ಓಬಳಮ್ಮ ಹೂಂ ಎನ್ನುತ್ತಿದ್ದಳು. ಪುಸ್ತಕ ಕೊಟ್ಟೆ ಕಣಮ್ಮ, ಅವತ್ತೇ ಕೊಟ್ಟೆ ಎಂದಳು.

“ಅಜ್ಜಿ, ಅಪ್ಪನ ಗಾಡಿ ಈಗ ಯಾರು ಓಡಿಸ್ತಾರೆ?”

ವೆಂಕಟೇಶ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬರುತ್ತಿದ್ದ. ಓಬಳಮ್ಮ ಮಗನನ್ನು ನೋಡಿದಳು. ನನ್ನ ಸೀಟು ಇನ್ನೂ ಬಿಸಿಯಿತ್ತು.

“ಯಾರೂ ಓಡ್ಸಲ್ಲ ಕಣಮ್ಮ,” ಎಂದಳು. “ಹಂಗೇ ನಿಂತೈತೆ.”

ಹುಡುಗಿ ಸರಿ ಅಜ್ಜಿ ಎಂದಳು. ಫೋನ್ ಕಟ್ಟಾಯಿತು. ಓಬಳಮ್ಮ ಬುತ್ತಿಯನ್ನು ಹಾಗೇ ಮುಚ್ಚಿದಳು. ಯಾರದು ಎಂದು ವೆಂಕಟೇಶ ಕೇಳಿದ್ದಕ್ಕೆ, ರಾಂಗ್ ನಂಬರು ಎಂದಳು.

ಅದಾಗಿ ಆರು ವರ್ಷವಾಯಿತು. ಕೇಂದ್ರಕ್ಕೆ ಬ್ಯಾಟರಿಯ ಆಟೊ ಬಂದಿದೆ, ವೆಂಕಟೇಶ ಅದನ್ನು ಓಡಿಸುತ್ತಾನೆ. ಓಬಳಮ್ಮ ಕೆಲಸ ಬಿಟ್ಟು ಮೊಮ್ಮಗಳನ್ನು ನೋಡಿಕೊಂಡಿದ್ದಾಳಂತೆ. ಶೆಡ್ಡುಗಳಿಗೆ ಬೇರೆ ಜನ ಬಂದಿದ್ದಾರೆ, ಅವರ ಮಾತು ನನಗೆ ಇನ್ನೂ ಅರ್ಥವಾಗುವುದಿಲ್ಲ. ನನ್ನನ್ನು ಹಿಂಬದಿಯ ಗೋಡೆಗೆ ಒರಗಿಸಿದ್ದಾರೆ. ಟೈರುಗಳಲ್ಲಿ ಗಾಳಿಯಿಲ್ಲ. ಓಬಳಮ್ಮ ಆವತ್ತು ಹೇಳಿದ್ದು ಸುಳ್ಳು. ಈಗ ಅದು ನಿಜವಾಗಿದೆ. ಯಾರೂ ನನ್ನನ್ನು ಓಡಿಸುವುದಿಲ್ಲ, ಹಾಗೇ ನಿಂತಿದ್ದೇನೆ.