ಅರಸನ ತಂಗಿಯ ಮಗಳು

ಬೆಂಗಳೂರಿನ ಪ್ರಕಾಶನದ ಸಂಪಾದಕಿ ಮಾದರಿಗೆಂದು ಕಳಿಸಿದ ಪುಸ್ತಕದಲ್ಲಿ ಕೋಟೆಯ ಮೇಲಿನಿಂದ ಶತ್ರುಗಳ ತಲೆಗೆ ಕಾಯಿಸಿದ ಎಣ್ಣೆ ಸುರಿಯುವ ಚಿತ್ರವಿತ್ತು. ಆಕಾಶ ಮುಟ್ಟುವ ಕಲ್ಲಿನ ಗೋಪುರ, ಸುತ್ತ ನೀರಿನ ಕಂದಕ, ಕಬ್ಬಿಣದ ಅಂಗಿ ತೊಟ್ಟ ಸೈನಿಕರು, ಮೊನಚು ಟೊಪ್ಪಿಯ ರಾಜಕುಮಾರಿ. ಹಾಗೆಯೇ ನಿಮ್ಮ ಕಡೆಯ ಒಂದು ಅರಮನೆಯ ಬಗ್ಗೆ ಮಕ್ಕಳಿಗೆ ಚಿತ್ರ ಸಮೇತ ಕಥೆ ಬರೆದು ಕೊಡಿ, ಗೋಪುರ ಮಾತ್ರ ಚೆನ್ನಾಗಿ ಬರಲಿ ಎಂದು ಫೋನಿನಲ್ಲಿ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಕಡೆ ಎಣ್ಣೆ ಕಾಯಿಸುವುದು ಗೋಳಿಬಜೆಗೆ. ನಮ್ಮ ಅರಸರಿಗೆ ಗೋಪುರವೂ ಇರಲಿಲ್ಲ, ಕಂದಕವೂ ಇರಲಿಲ್ಲ. ಇದ್ದದ್ದು ಕೆಂಪು ಮುರಕಲ್ಲಿನ ಗೋಡೆ, ಹಲಸಿನ ಮರದ ಕೆತ್ತನೆಯ ಕಂಬ, ಉದ್ದದ ಚಾವಡಿ. ಒಳಗೆ ಹೋಗುವವನು ಅರಸನೇ ಆದರೂ ತಲೆ ತಗ್ಗಿಸದಿದ್ದರೆ ಹಣೆ ಒಡೆಯುವಷ್ಟು ಗಿಡ್ಡ ಬಾಗಿಲು.

ನಾನು ಮೂಡುಬಿದಿರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರ್. ಮನೆ ತೋಡಾರಿನಲ್ಲಿ, ಮಂಗಳೂರು ರಸ್ತೆಯ ಬದಿಗೆ. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಎಂದು ಕೇಳುವವರು ಈಗ ಊರಿನಲ್ಲಿ ಉಳಿದಿಲ್ಲ, ಅಷ್ಟು ನನ್ನ ಪುಣ್ಯ. ಮನೆಯಲ್ಲಿ ನಾನು, ನನ್ನ ಅಮ್ಮ ಕಾಂತಿ, ಮತ್ತು ತೀರಿಹೋದ ತಂಗಿ ಸುರಕ್ಷಾಳ ಮಗಳು ಸಾತ್ವಿಕಾ. ಒಂಬತ್ತು ವರ್ಷದ ಈ ಹುಡುಗಿಯೇ ನನ್ನ ಪುಸ್ತಕದ ನಾಯಕಿಗೆ ಮಾದರಿ.

ಪುಸ್ತಕದ ಅರಮನೆಗೆ ನಾನೇ ಒಂದು ಹೆಸರಿಟ್ಟೆ, ಅರ್ಬಿಬೆಟ್ಟು ಅರಮನೆ. ಐನೂರು ವರ್ಷದ ಹಿಂದೆ ಬೆಳ್ತಂಗಡಿಯ ಕಡೆ ಘಟ್ಟದ ಬುಡದಲ್ಲಿ ಇತ್ತೆಂದು ಕಲ್ಪಿಸಿಕೊಂಡೆ. ಅದರಲ್ಲಿ ಪದುಮಲ ಎಂಬ ಹುಡುಗಿ ಇದ್ದಾಳೆ. ಬೆಳಿಗ್ಗೆ ಎದ್ದು ಓಲೆಗರಿಯಲ್ಲಿ ಅಕ್ಷರ ಕೊರೆಯುತ್ತಾಳೆ, ಆನೆ ಲಾಯದಲ್ಲಿ ಬೈಸಿಕೊಳ್ಳುತ್ತಾಳೆ, ಅಡಿಗೆ ಕೋಣೆಯಲ್ಲಿ ಬೆಲ್ಲ ಕದಿಯುತ್ತಾಳೆ, ಕರಿಮೆಣಸು ಹೊತ್ತ ಎತ್ತುಗಳು ಘಟ್ಟ ಹತ್ತುವುದನ್ನು ನೋಡುತ್ತಾಳೆ. ಕೊನೆಯ ಪುಟದಲ್ಲಿ ಅವಳಿಗೆ ಪಟ್ಟವಾಗುತ್ತದೆ. ಅವಳು ಅರಸನ ಮಗಳಲ್ಲ, ತಂಗಿಯ ಮಗಳು. ನಮ್ಮ ತುಳುನಾಡಿನಲ್ಲಿ ಆಗಿನ ಕಟ್ಟು ಅದೇ. ಮನೆತನ, ಆಸ್ತಿ, ಪಟ್ಟ ಎಲ್ಲ ತಾಯಿಯ ಕಡೆಯಿಂದ ಇಳಿಯುವುದು. ಅರಸನ ಸ್ವಂತ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು. ಮಾವನ ನಂತರ ತಂಗಿಯ ಮಕ್ಕಳು.

ಈ ಚಿತ್ರಗಳಿಗಾಗಿ ಸಾತ್ವಿಕಾಳನ್ನು ಅಮ್ಮನ ರೇಷ್ಮೆ ಸೀರೆಯಲ್ಲಿ ಸುತ್ತಿ ಬೆತ್ತದ ಕುರ್ಚಿಯ ಮೇಲೆ ಕೂರಿಸುತ್ತಿದ್ದೆ. ಅವಳು ಸುಮ್ಮನೆ ಕೂರುವ ಜಾತಿಯಲ್ಲ. ಅರಮನೆಯಲ್ಲಿ ಫ್ಯಾನ್ ಇಲ್ಲದೆ ಸೆಕೆಗೆ ಏನು ಮಾಡುತ್ತಿದ್ದರು, ಕಕ್ಕಸು ಎಲ್ಲಿ ಇತ್ತು, ಆನೆಗೆ ಜ್ವರ ಬಂದರೆ ಯಾರು ನೋಡುತ್ತಿದ್ದರು ಎಂದು ತಲೆ ತಿನ್ನುತ್ತಿದ್ದಳು. ಅರಸನಿಗೆ ಯಾಕೆ ಮಾಮನ ಹಾಗೆ ಹೊಟ್ಟೆ ಉಂಟು ಎಂದೂ ಕೇಳಿದಳು. ಬೇರೆ ಮಾದರಿ ಸಿಗಲಿಲ್ಲ ಎಂದೆ. ಸತ್ಯ ಹೇಳಬೇಕೆಂದರೆ ಆ ಅರಸನನ್ನು ಬರೆಯುವಾಗ ನನಗೆ ಬಹಳ ಸುಖವಾಗುತ್ತಿತ್ತು. ಅವಳು ನನ್ನವಳು ಎಂದು ಬಾಯಿಬಿಟ್ಟು ಹೇಳಲು ನನಗೆ ಬೇರೆ ಎಲ್ಲಿಯೂ ಜಾಗ ಇರಲಿಲ್ಲ.

ಅವಳ ಅಪ್ಪ ಉಜ್ವಲ್ ಪುಣೆಯಲ್ಲಿ ಹೋಟೆಲು ನಡೆಸುತ್ತಾನೆ. ಮೂಲ ವಿಟ್ಲದ ಕಡೆಯವನು. ಸುರಕ್ಷಾ ಹೋದಾಗ ಮಗುವಿಗೆ ಆರು ವರ್ಷ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಮಧ್ಯಾಹ್ನ ಅವನು ಮಗಳ ಬಟ್ಟೆಯ ಬ್ಯಾಗನ್ನು ನಮ್ಮ ಒಳಕೋಣೆಯಲ್ಲಿ ಇಟ್ಟು, ಹೋಗಿ ಬರ್ತೇನೆ ಎಂದು ಹೊರಟ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಜನರ ಎದುರು ಕೂತು, ಮಗು ಎಲ್ಲಿ ಇರಬೇಕು, ಎಷ್ಟು ಕಾಲ ಇರಬೇಕು ಎಂದು ಒಂದು ಮಾತು ಮುಗಿಸಿಕೊಳ್ಳುತ್ತಿದ್ದರು. ನಾವು ಕೇಳಲಿಲ್ಲ. ಹೆಣ್ಣುಮಗುವಿಗೆ ತಾಯಿಯ ಮನೆತನ, ಅದು ತಾಯಿಯ ಮನೆಯಲ್ಲಿ ಅಲ್ಲದೆ ಮತ್ತೆಲ್ಲಿ ಇರುತ್ತದೆ ಎಂಬುದು ನಮ್ಮ ಲೆಕ್ಕ. ಕೇಳಿದ್ದರೆ ಅಮ್ಮ ನನ್ನನ್ನೇ ಬೈಯುತ್ತಿದ್ದಳು. ಅವನು ಬಿಟ್ಟು ಹೋಗಿದ್ದಾನೆ ಎಂದು ನಾವು ತಿಳಿದೆವು, ಅವನು ಸ್ವಲ್ಪ ಕಾಲ ನೋಡಿಕೊಳ್ಳಲು ಕೊಟ್ಟಿದ್ದೇನೆ ಎಂದು ತಿಳಿದ. ಇಬ್ಬರೂ ಬಾಯಿ ಬಿಡದೆ ಮೂರು ವರ್ಷ ಕಳೆದೆವು.

ಮಾರ್ಚಿನಲ್ಲಿ ಕರಡು ಕಳಿಸಿದೆ. ಸಂಪಾದಕಿ ಫೋನು ಮಾಡಿ ಚಿತ್ರಗಳನ್ನು ತುಂಬಾ ಹೊಗಳಿದರು. ಗೋಪುರ ಇಲ್ಲದಿದ್ದರೂ ನಡೆಯುತ್ತದೆ ಎಂದರು. ಆದರೆ ಒಂದು ಸಣ್ಣ ಬದಲಾವಣೆ ಬೇಕಂತೆ. ಅರಸನನ್ನು ಹುಡುಗಿಯ ಅಪ್ಪ ಮಾಡಿಬಿಡಿ, ಮಾವ ಅಂದರೆ ಮಕ್ಕಳಿಗೆ ಗೊಂದಲ, ಓದುವ ಮಗುವಿಗೆ ಅಪ್ಪ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ ಎಂದರು. ಆಗುವುದಿಲ್ಲ ಎಂದು ನಾನು ಒರಟಾಗಿಯೇ ಹೇಳಿದೆ. ಬೇಕಾದರೆ ಆನೆಯನ್ನು ಕುದುರೆ ಮಾಡುತ್ತೇನೆ, ಮಾವನನ್ನು ಅಪ್ಪ ಮಾಡುವುದಿಲ್ಲ ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಅದೇ ವಾರ ಉಜ್ವಲ್ ಫೋನು ಮಾಡಿದ. ಅವನ ಅಕ್ಕ ಈಗ ಪುಣೆಯಲ್ಲಿ ಅವನ ಜೊತೆಗೇ ಇದ್ದಾಳಂತೆ, ಮನೆಯಲ್ಲಿ ಹೆಂಗಸರ ಆಸರೆ ಆಯಿತಂತೆ, ಮನೆಯ ಹತ್ತಿರವೇ ಒಳ್ಳೆಯ ಶಾಲೆ ಉಂಟಂತೆ. ಪರೀಕ್ಷೆ ಮುಗಿದ ಮೇಲೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಕೇಳಿದ್ದಲ್ಲ, ತಿಳಿಸಿದ್ದು. ಅಮ್ಮನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, ನಮ್ಮ ಮನೆತನದ ಹುಡುಗಿಯನ್ನು ಕೊಂಡುಹೋಗಲು ಅವನು ಯಾರು ಎಂದಳು. ಅಮ್ಮನ ಮಟ್ಟಿಗೆ ಅಲ್ಲಿಗೆ ವಿಷಯ ಮುಗಿಯಿತು.

ನನ್ನ ಮಟ್ಟಿಗೆ ಮುಗಿಯಲಿಲ್ಲ. ಬಂಟ್ವಾಳದಲ್ಲಿ ವಕೀಲಿಕೆ ಮಾಡುವ ಇಬ್ರಾಹಿಂ ಖಲೀಲ್ ನನ್ನ ಜೊತೆ ಓದಿದವನು. ಒಂದು ಶನಿವಾರ ಶಾಲೆ ಬಿಟ್ಟವನೇ ಬಸ್ಸು ಹತ್ತಿ ಅವನ ಆಫೀಸಿಗೆ ಹೋದೆ. ಎಲ್ಲ ಹೇಳಿದೆ. ಐನೂರು ವರ್ಷದ ಕಟ್ಟು, ನಮ್ಮ ಮನೆತನ, ಮಾವನ ಹಕ್ಕು ಎಂದು ಪುಸ್ತಕ ಬರೆದವನ ಹುರುಪಿನಲ್ಲಿ ಭಾಷಣವನ್ನೇ ಬಿಗಿದೆ. ಅವನು ಚಹಾ ತರಿಸಿ ನಾನು ಮುಗಿಸುವವರೆಗೆ ಕಾದ.

"ಅಳಿಯಕಟ್ಟು ಎಲ್ಲ ಈಗ ನಿನ್ನ ಚಿತ್ರದಲ್ಲಿ ಮಾತ್ರ ಉಂಟು ಮಾರಾಯ. ತಾಯಿ ಇಲ್ಲದ ಮಗುವಿಗೆ ಅಪ್ಪನೇ ಪೋಷಕ. ಅವನು ಕುಡುಕನಾ? ಹೊಡೀತಾನಾ?"

ಇಲ್ಲ ಎಂದೆ. ಉಜ್ವಲ್ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನ್ನಿಸಿತು. ಹಾಗಾದರೆ ಏನೂ ದಾರಿ ಇಲ್ಲವಾ ಎಂದು ಕೇಳಿದೆ. ಕೇಸು ಹಾಕಬಹುದು ಎಂದ ಖಲೀಲ್. ಮಗುವಿನ ಹಿತ ಯಾವುದರಲ್ಲಿ ಉಂಟು ಎಂದು ಕೋರ್ಟು ನೋಡುತ್ತದೆ, ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದು ಹೇಳಿ ಚಹಾದ ಲೋಟವನ್ನು ಬದಿಗೆ ಸರಿಸಿದ.

"ಕಡೆಗೆ ಅವಳನ್ನೇ ಕರೆದು ನಿನಗೆ ಯಾರು ಬೇಕು ಅಂತ ಕೇಳ್ತಾರೆ. ಆ ಸಣ್ಣ ಹುಡುಗಿಯ ಹತ್ರ ಅದನ್ನು ಕೇಳಿಸಬೇಕಾ ನಿನಗೆ?"

ನಾನು ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ಖಲೀಲನನ್ನು ಬೈದೆ, ಉಜ್ವಲನನ್ನು ಬೈದೆ, ಸರಕಾರವನ್ನು ಬೈದೆ. ಯಾರನ್ನು ಬೈದರೂ ಸಮಾಧಾನ ಆಗಲಿಲ್ಲ.

ಮರುದಿನ ಪಟ್ಟಾಭಿಷೇಕದ ಚಿತ್ರಕ್ಕೆ ಬಣ್ಣ ಹಾಕಲು ಕೂತೆ. ಸಾತ್ವಿಕಾ ಸೀರೆ ಸುತ್ತಿಕೊಂಡು ಕುರ್ಚಿ ಹತ್ತಿದಳು. ಅಪ್ಪ ಬರುವ ವಿಷಯ ಅವಳಿಗೆ ಗೊತ್ತಿತ್ತು. ಅವರಿಬ್ಬರೂ ದಿನಾ ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದರು. ಆದರೆ ನನ್ನ ಹತ್ತಿರ ಒಂದು ಮಾತೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಅವಳು ಬಹಳ ಹೊತ್ತು ಅಲ್ಲಾಡದೆ ಕೂತಳು, ಅದೇ ನನಗೆ ಹೆದರಿಕೆ ತಂದಿತು. ಆಮೇಲೆ ಅರಸನ ಸ್ವಂತ ಮಕ್ಕಳು ಯಾವ ಚಿತ್ರದಲ್ಲಿ ಇದ್ದಾರೆ ಎಂದು ಕೇಳಿದಳು. ಅವರು ಅವರ ಅಮ್ಮನ ಮನೆಯಲ್ಲಿ ಇರುತ್ತಾರೆ, ಅರಮನೆಯ ಕಥೆಯಲ್ಲಿ ಬರುವುದಿಲ್ಲ ಎಂದೆ. ಹಾಗಾದರೆ ಪದುಮಲಳ ಅಪ್ಪ ಎಂದಳು. ಅವನೂ ಬೇರೆ ಕಡೆ ಇರುತ್ತಾನೆ ಎಂದೆ.

"ಪದುಮಲಳಿಗೆ ಅಪ್ಪ ಬೇಕು ಅಂತ ಆದ್ರೆ ಯಾರ ಹತ್ರ ಹೇಳ್ಬೇಕು, ಮಾಮ?"

ಕುಂಚವನ್ನು ನೀರಿನ ಲೋಟದಲ್ಲಿ ಅದ್ದಿದೆ. ಅರಮನೆಯ ಬಗ್ಗೆ ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಉತ್ತರ ಹೇಳಿದವನು. ಗೊತ್ತಿಲ್ಲದಿದ್ದರೆ ಸುಳ್ಳಾದರೂ ಹೇಳಿದವನು. ಇದಕ್ಕೆ ಸುಳ್ಳು ಹೇಳುವ ಹಾಗಿರಲಿಲ್ಲ. ಮಾವನ ಹತ್ತಿರ ಹೇಳಬೇಕು ಎಂದೆ ಕೊನೆಗೆ. ಮಾವ ಬೈಯುತ್ತಾನಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ತಲೆಯಾಡಿಸಿ ಮತ್ತೆ ನೆಟ್ಟಗೆ ಕೂತಳು. ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಅಂದು ನಾನು ಹಾಕಿದ ಬಣ್ಣ ಎಲ್ಲ ಕೆಟ್ಟುಹೋಯಿತು.

ಏಪ್ರಿಲ್ ಕೊನೆಯ ಭಾನುವಾರ ಉಜ್ವಲ್ ಬಂದ. ವಿಟ್ಲದಿಂದ ಗೊತ್ತಿದ್ದವರ ಕಾರು ತಂದಿದ್ದ. ತೆಳ್ಳಗಾಗಿದ್ದ, ಕೂದಲು ಹಣ್ಣಾಗಿತ್ತು. ಅಮ್ಮ ಅವನಿಗೆ ಕೋರಿರೊಟ್ಟಿ ಬಡಿಸಿದಳು. ಸಾರು ಮತ್ತೆ ಮತ್ತೆ ಹಾಕಿದಳು, ಮಾತು ಒಂದನ್ನೂ ಹಾಕಲಿಲ್ಲ. ಸಾತ್ವಿಕಾ ಅಪ್ಪನ ಪಕ್ಕ ಕೂರಲೂ ಇಲ್ಲ, ನನ್ನ ಪಕ್ಕ ಕೂರಲೂ ಇಲ್ಲ. ನೀರಿನ ತಂಬಿಗೆ ಹಿಡಿದು ಅಡಿಗೆ ಕೋಣೆಗೂ ಚಾವಡಿಗೂ ಸುಮ್ಮನೆ ಓಡಾಡಿದಳು.

ಊಟ ಆದ ಮೇಲೆ ಉಜ್ವಲ್ ಕೈ ತೊಳೆದು ಬಂದು ನನ್ನ ಎದುರು ಕೂತ. ಜಗಳಕ್ಕೆ ಬಂದವನ ಹಾಗೆ ಇರಲಿಲ್ಲ. ನನ್ನ ಹತ್ತಿರವೋ ಜಗಳಕ್ಕೆ ಬೇಕಾದ ಮಾತುಗಳು ಬೇಕಾದಷ್ಟು ಇದ್ದವು. ಜ್ವರ ಬಂದಾಗ ಯಾರು ಕೂತದ್ದು, ಮಗ್ಗಿ ಯಾರು ಕಲಿಸಿದ್ದು, ಅಮ್ಮ ಬೇಕು ಎಂದು ಅತ್ತಾಗ ಯಾರು ಎತ್ತಿಕೊಂಡದ್ದು. ಅವನು ಬಾಯಿ ತೆರೆದದ್ದೇ ಅವೆಲ್ಲ ಉಪಯೋಗಕ್ಕೆ ಬರದೆ ಹೋದವು.

"ಭಾವ, ನೀವು ಅವಳನ್ನು ಸಾಕಿದ್ರಿ. ನಾನು ಮೂರು ವರ್ಷ ಮಗಳನ್ನು ಮೊಬೈಲಿನಲ್ಲಿ ನೋಡಿದೆ. ಇನ್ನು ನನ್ನಿಂದ ಆಗುವುದಿಲ್ಲ."

ಅವನ ಕಣ್ಣು ತುಂಬಿತ್ತು. ನಾನು ನೆಲ ನೋಡಿದೆ. ಅಮ್ಮ ಮಾತ್ರ ಬಾಗಿಲಿಗೆ ಒರಗಿ ನಿಂತವಳು ಬಗ್ಗಲಿಲ್ಲ. ದೊಡ್ಡವರು ಮಾತಾಡಿ ಪ್ರಯೋಜನ ಇಲ್ಲ, ಹುಡುಗಿಯನ್ನೇ ಕೇಳುವ ಎಂದಳು. ಬೇಡ ಅಮ್ಮ ಎಂದೆ. ಅವಳು ಕೇಳದೆ ಸಾತ್ವಿಕಾಳನ್ನು ಕೂಗಿ ಕರೆದು ಚಾವಡಿಯ ನಡುವೆ ನಿಲ್ಲಿಸಿದಳು. ಇಲ್ಲಿ ಇರ್ತೀಯಾ, ಅಪ್ಪನ ಜೊತೆ ಹೋಗ್ತೀಯಾ, ಹೆದರದೆ ಹೇಳು ಎಂದಳು. ಬಂಟ್ವಾಳದ ಕೋರ್ಟಿಗೆ ಹೆದರಿ ಓಡಿ ಬಂದವನಿಗೆ ಕೋರ್ಟು ಮನೆಗೇ ಬಂದಿತ್ತು.

ಹುಡುಗಿ ಅಪ್ಪನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾಮ ಹೇಳ್ಲಿ."

ಅಮ್ಮನ ಮುಖ ಅರಳಿತು. ಮಾವನ ಮಾತೇ ಮಾತು ಎಂದು ಹುಡುಗಿಯೇ ಹೇಳಿದ ಮೇಲೆ ಇನ್ನೇನು ಎಂಬ ಹಾಗೆ ಉಜ್ವಲನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ನಾನು ಬೇಡ ಎಂದಿದ್ದರೆ ಅವನು ಅಂದೇ ಬರಿಗೈಯಲ್ಲಿ ಹೋಗುತ್ತಿದ್ದ, ಅಂಥವನು ಅವನು. ಕಾನೂನು ನನಗೆ ಕೊಡದ ಅಧಿಕಾರವನ್ನು ಒಂಬತ್ತು ವರ್ಷದ ಹುಡುಗಿ ಕೈಗೆ ಹಾಕಿದ್ದಳು. ನಾನು ಬರೆದ ಅರಸನಿಗೆ ಇದ್ದದ್ದು ಇದೇ. ಒಂದು ಮಾತು ಆಡಿದರೆ ಮುಗಿಯಿತು, ಮೇಲೆ ಕೇಳುವವರಿಲ್ಲ. ಆದರೆ ಅವಳು ಏನು ಬಯಸಿದ್ದಾಳೆಂದು ನನಗೆ ಗೊತ್ತಿತ್ತು. ಅವಳು ಮಾವನ ಹತ್ತಿರ ಹೇಳಿ ಆಗಿತ್ತು. ಬೇಡ ಎನ್ನುವ ದಾರಿ ನನಗೆ ಇರಲಿಲ್ಲ.

"ಹೋಗು ಮಗಾ. ಅಪ್ಪನ ಜೊತೆ ಹೋಗು" ಎಂದೆ.

ಅವಳ ಬೆರಳಿನಿಂದ ಲಂಗದ ಅಂಚು ಜಾರಿತು. ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಓಡಿ ಹೋಗಿ ಅಪ್ಪನ ಸೊಂಟ ತಬ್ಬಿಕೊಂಡಳು. ಅಷ್ಟು ಜೋರಾಗಿ ಓಡುತ್ತಾಳೆಂದು ನಾನು ಎಣಿಸಿರಲಿಲ್ಲ. ಉಜ್ವಲ್ ಬಾಗಿ ಅವಳ ತಲೆಗೆ ಮುಖ ಒತ್ತಿಕೊಂಡ. ಅಮ್ಮ ನನ್ನ ಮುಖವನ್ನು ನೋಡದೆ ಒಳಗೆ ಹೋದಳು. ಪಾತ್ರೆ ಎಳೆಯುವ ಸದ್ದು ಬಂತು. ಅವಳು ಅಳುವುದು ಹಾಗೆ.

ಸಂಜೆ ಬಿಸಿಲು ಇಳಿಯುವಾಗ ಅವರು ಹೊರಟರು. ಬಟ್ಟೆ, ಶಾಲೆಯ ಪುಸ್ತಕ, ಅಜ್ಜಿ ಕಟ್ಟಿಕೊಟ್ಟ ಹಪ್ಪಳ ಎಲ್ಲ ಕಾರಿನ ಡಿಕ್ಕಿಗೆ ಹೋಯಿತು. ರಜೆಗೆ ಕಳಿಸುತ್ತೇನೆ ಎಂದು ಉಜ್ವಲ್ ಹಲವು ಸಲ ಹೇಳಿದ. ಕಳಿಸುತ್ತಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ರಜೆಗೆ ಬರುವ ಹುಡುಗಿ ನೆಂಟರ ಹುಡುಗಿ, ಅಷ್ಟೇ. ಅಮ್ಮನ ಕಾಲು ಮುಟ್ಟಿ, ನನ್ನ ಕಾಲು ಮುಟ್ಟಿ ಸಾತ್ವಿಕಾ ಕಾರಿನ ಬಾಗಿಲಿನವರೆಗೆ ಹೋದಳು. ಅಲ್ಲಿಂದ ತಿರುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಮಾಮ, ಬೇಜಾರು ಇಲ್ಲ ಅಲ್ಲಾ?"

ಇಲ್ಲ ಎಂದೆ. ನಾನು ಹೇಳಿದ್ದನ್ನೆಲ್ಲ ನಂಬುವ ಹುಡುಗಿ, ಅದನ್ನೂ ನಂಬಿ ಕಾರು ಹತ್ತಿದಳು.